ಮುಯ್ಯಿ

ಮಾತುಕತೆಯ ಕೋಣೆಯಲ್ಲಿ ನಾನು ಬರೆದುಕೊಳ್ಳುವವಳು.
ಯಾರು ಯಾರೆದುರು ಕೂತರು, ಯಾವ ಮಾತಿಗೆ ನೀರು ಕುಡಿದರು.
ಕೆಮ್ಮಿದ್ದನ್ನು ಮಾತ್ರ ಬರೆಯುವಂತಿಲ್ಲ.

ಕಳೆದ ವಾರ ಉತ್ತರದವರು, ಈ ವಾರ ದಕ್ಷಿಣದ ನೆರೆಯವರು.
ಮೇಜು ಅದೇ. ಹೊದಿಕೆ ಬದಲಾಯಿಸಿದೆವು,
ಹೋದವರ ಚಹಾದ ಕಲೆ
ಬಂದವರ ಕಣ್ಣಿಗೆ ಬೀಳದಿರಲೆಂದು.

ಆ ನಡುವೆ ಸೋದರಮಾವ ಮೋಲ್ತಾರಿ
ಅಂಬಾಯ್ ದ್ವೀಪದಿಂದ ಹಡಗು ಹತ್ತಿ ಪೋರ್ಟ್ ವಿಲಾಕ್ಕೆ ಬಂದ,
ಕಣ್ಣಿನ ಪೊರೆ ತೆಗೆಸಲು.
ಕಂಕುಳಲ್ಲಿ ಎರಡು ಕೆಂಪು ಚಾಪೆ:
ಡಾಕ್ಟರಿಗೊಂದು, ಡಾಕ್ಟರ ಹೆಂಡತಿಗೊಂದು.
ಅವರಿಗಿನ್ನೂ ಮದುವೆಯಾಗಿಲ್ಲ ಮಾವ, ಎಂದೆ.
ಆಗುತ್ತೆ, ಎಂದ.

ಮೂರನೆಯ ದಿನ ಊರು ತೋರಿಸು ಎಂದ. ತೋರಿಸಿದೆ.
ಇದು ಸಭಾಭವನ, ಅವರು ಕಟ್ಟಿಕೊಟ್ಟದ್ದು.
ಅಗೋ ಧಕ್ಕೆ, ರಿಪೇರಿ ಇವರದು.
ಪೊಲೀಸರ ಜೀಪು ಒಬ್ಬರದು, ಪೊಲೀಸರ ದೋಣಿ ಇನ್ನೊಬ್ಬರದು;
ಕಳ್ಳ ದಡದಲ್ಲಿ ಓಡಿದರೆ ಒಂದು ದೇಶ ಅಟ್ಟಿಸಿಕೊಂಡು ಹೋಗುತ್ತದೆ,
ನೀರಿಗೆ ಹಾರಿದರೆ ಮತ್ತೊಂದು.

ಮಾವ ನಗಲಿಲ್ಲ.
ಅವನ ಕೈಯಲ್ಲಿ ನಮೇಲೆ ಗರಿ (ನಮ್ಮ ಬಾವುಟದಲ್ಲೂ ಇದೆಯಲ್ಲ, ಅದೇ).
ಒಂದೊಂದು ಕಟ್ಟಡಕ್ಕೆ ಒಂದೊಂದು ಎಸಳು ಚಿವುಟುತ್ತ ಬಂದಿದ್ದ,
ಊರಲ್ಲಿ ಹಂದಿ ಎಣಿಸುವ ಹಾಗೆ.

ಅಲ್ಲಿ ಹಂದಿ ಕೊಟ್ಟರೆ ಅದು ಕೊಟ್ಟದ್ದಲ್ಲ, ಇಟ್ಟದ್ದು.
ಕೋರೆ ಅರ್ಧ ಬಾಗಿದಾಗ ಹೋದದ್ದು
ಸುತ್ತು ತುಂಬಿಸಿಕೊಂಡು ಹಿಂದಿರುಗಬೇಕು.
ಮುಯ್ಯಿ ತೀರಿಸದಿದ್ದವರ ಮೇಲೆ
ಮುಯ್ಯಿ ತೀರಿಸಿಕೊಳ್ಳುತ್ತಾರೆ.

"ಇಷ್ಟು ದೊಡ್ಡ ಮನೆಗೆ ಮುಯ್ಯಿ ಯಾವತ್ತು?"
ಅದು ಅನುದಾನ ಮಾವ. ವಾಪಸು ಕೇಳುವುದಿಲ್ಲ.
ಒಂದು ಕಣ್ಣಿಗೆ ಪಟ್ಟಿ. ಇನ್ನೊಂದರಿಂದ ನನ್ನನ್ನು ನೋಡಿದ.
"ವಾಪಸು ಕೇಳದವನಿಗೆ ಹಂದಿ ಬೇಡ ಮಗಳೇ.
ಅಂಗಳ ಬೇಕು."

ಅವನು ಹುಡುಗನಾಗಿದ್ದಾಗ ಇಲ್ಲಿ ಇಬ್ಬರು ಧಣಿಗಳು.
ಎರಡು ಬಾವುಟ, ಎರಡು ಜೈಲು, ಎರಡು ನಮೂನೆ ಬ್ರೆಡ್ಡು.
ಒಂದು ಬಾವುಟ ಇನ್ನೊಂದಕ್ಕಿಂತ ಬೆರಳಷ್ಟೂ ಮೇಲೇರಬಾರದೆಂದು
ಬೆಳಗಾದರೆ ಅಳತೆಪಟ್ಟಿ ಹಿಡಿದು ನಿಲ್ಲಲು ಒಬ್ಬ ಗುಮಾಸ್ತ.
ಅವನಿಗೆ ಸಂಬಳ ಯಾರದು?
"ಇಬ್ಬರದೂ. ಇವರಿಗೆ ಅವರ ಹೆಸರು ಹೇಳಿ,
ಅವರಿಗೆ ಇವರ ಹೆಸರು ಹೇಳಿ
ಗುಡ್ಡದಾಚೆ ದೊಡ್ಡ ತೆಂಗಿನ ತೋಟ ಮಾಡಿದ."
ಈಗ ಮಾವ ನಕ್ಕ.

ಆಮೇಲೆ ಬೆಟ್ಟ ಬೂದಿ ಉಗುಳಿದ ವರ್ಷದ ಮಾತು ಬಂತು.
ಹಡಗುಗಳು ನಾ ಮುಂದು ತಾ ಮುಂದು ಎಂದು ಬಂದಿದ್ದವು.
ಅವನ ಮನೆ ಮೇಲೆ ಮೂರು ದೇಶಗಳ ಟಾರ್ಪಾಲು,
ಮೂರರ ಮೇಲೂ ಕೊಟ್ಟವರ ಗುರುತು, ದೊಡ್ಡದಾಗಿ.
ಮಳೆ ಬಂದಾಗ
ಸೋರಿದ್ದು ಮೂರೂ ಸೇರುವ ಕಡೆ.

ಹಡಗು ಹತ್ತುವಾಗ ಒಂದು ಚಾಪೆ ನನ್ನ ಕೈಗಿಟ್ಟ.
"ಡಾಕ್ಟರು ಮದುವೆಯಾದ ದಿನ ಕೊಡು.
ಅಲ್ಲಿಯವರೆಗೆ ಈ ಕಣ್ಣು ಅವರದು,
ನಾನು ಬರೇ ಮೇಯಿಸಿಕೊಂಡಿದ್ದೇನೆ."

ಡಾಕ್ಟರ ತಂಡ ಆಷಾಢದ ಮೋಡದ ಹಾಗೆ
ಹೇಳದೆ ಕೇಳದೆ ಹೊರಟುಹೋಯಿತು.
ಅವರ ಸರ್ಕಾರಕ್ಕೂ ನಮ್ಮದಕ್ಕೂ ಯಾವುದೋ ಧಕ್ಕೆಯ ವಿಷಯಕ್ಕೆ
ಮಾತು ನಿಂತಿತ್ತು. (ಆ ಸಭೆಯಲ್ಲಿ ನಾನಿದ್ದೆ.
ಕೊನೆಗೆ ಎಲ್ಲರೂ ಕೆಮ್ಮಿದರು.)
ವಿಳಾಸಕ್ಕೆ ಎರಡು ಸಲ ಬರೆದೆ.

ಇವತ್ತು ಹೊಸಬರು. "ಯಾವ ಷರತ್ತೂ ಇಲ್ಲ," ಎಂದರು.
ಯಾವ ಷರತ್ತೂ ಇಲ್ಲ, ಎಂದು ಬರೆದುಕೊಂಡೆ.
ಹಳೆಯ ಒಪ್ಪಂದ ತರಲು ಕಪಾಟು ತೆರೆದರೆ
ಕಡತಗಳ ನಡುವೆ ಸುರುಳಿ ಸುತ್ತಿಟ್ಟ ಚಾಪೆ.
ಈ ಸಲದ ಸೆಕೆಗೆ ಬಣ್ಣ ಬಿಟ್ಟಿದೆ,
ಅಕ್ಕಪಕ್ಕದ ಹಾಳೆಗಳ ಅಂಚಿಗೆಲ್ಲ
ಕೆಂಪು ಹತ್ತಿಕೊಂಡಿದೆ,
ಎರಡೂ ಕಡೆಯವರ ರುಜುವಿನ ತನಕ.