ಬಟಾಣಿಕಾಳಷ್ಟು ಪೇಸ್ಟು

ಶೆಪರ್ಟನ್ನಿನಲ್ಲಿ ಮಾರ್ಚ್ ಅಂದರೆ ಪೇರ್ ಹಣ್ಣಿನ ವಾಸನೆ.
ತೋಟದ ಲಾರಿಗಳು ನಮ್ಮ ಶಿಶುವಿಹಾರದ ಬೇಲಿ ಪಕ್ಕದಲ್ಲೇ ತಿರುಗುತ್ತವೆ
ಆಗೊಂದು ಈಗೊಂದು ಹಣ್ಣು ಉದುರಿಸುತ್ತ.
ಹತ್ತು ಗಂಟೆಗೆ ನಾನು ಪೇರ್ ಹೋಳು ಮಾಡುತ್ತೇನೆ
ಹನ್ನೊಂದು ಮಕ್ಕಳಿಗೆ, ಸಿಪ್ಪೆ ತೆಗೆಯದೆ.
“ಸಿಪ್ಪೆ ಯಾಕೆ, ಸುಗಂಧಿ?” ಬ್ರಾನ್ವಿನ್‌ಳ ದಿನದ ತಕರಾರು.
“ಹಲ್ಲಿಗೂ ಏನಾದರೂ ಕೆಲಸ ಬೇಡವಾ?”

ಆಮೇಲೆ ಉಜ್ಜುವ ಹೊತ್ತು.
ಬ್ಯಾರಿ ಅಂತೊಂದು ಬಟ್ಟೆಯ ಮೊಸಳೆ,
ಮೂವತ್ತಾರು ಹಲ್ಲು, ಎಲ್ಲ ನಾನೇ ಹೊಲಿದದ್ದು,
ಎರಡು ಸೊಟ್ಟ.
ಬಟಾಣಿಕಾಳಷ್ಟು ಪೇಸ್ಟು, ಸಾಕು. ಅವರೆಕಾಳಷ್ಟು ಬೇಡ.
(ಅವರೆಕಾಳು ಅಂದರೇನು ಅಂತ ಇಲ್ಲಿ ಯಾರೂ ಕೇಳುವುದಿಲ್ಲ.
ನನಗೆ ನಾನೇ ಹೇಳಿಕೊಳ್ಳುವುದು.)
ಮೇಲೆ, ಕೆಳಗೆ, ಆಮೇಲೆ
ಹಿಂದಿನ ಬೆಂಚಿನ ಹುಡುಗರ ಹಾಗೆ ಅಡಗಿ ಕೂತ ದವಡೆಹಲ್ಲು.
ಮರಳುಗಡಿಯಾರ ಖಾಲಿಯಾದ ಮೇಲೆ ಉಗುಳಿ, ಬಾಯಿ ಮುಕ್ಕಳಿಸಬೇಡಿ.
ಉಗಿಯುವುದಕ್ಕೆ ಅನುಮತಿ ಸಿಕ್ಕ ಮಕ್ಕಳ ಖುಷಿ ನೋಡಬೇಕು,
ಸಿಂಕಿಗಿಂತ ನನ್ನ ಏಪ್ರನ್ನಿಗೇ ಹೆಚ್ಚು.

ಡಿಯುಡೊನೆ ಮಾತ್ರ ಬಾಯಿ ತೆರೆಯುವುದಿಲ್ಲ.
ನಾಲ್ಕು ವರ್ಷ. ತುಟಿ ಅಂದರೆ ಬೀಗ.
ಅವನ ಬಾಟಲಿಯಲ್ಲಿ ಕೆಂಪು ಜ್ಯೂಸು;
ನಾನು ಸುರಿದುಬಿಡುವಾಗ ನನ್ನ ಮುಖ ನೋಡುವುದಿಲ್ಲ,
ಸಿಂಕಿನ ತೂತು ನೋಡುತ್ತಾನೆ.
ಅವನ ತಾಯಿ ಫುರಾಹಾಗೆ ಪ್ಯಾಕಿಂಗ್ ಶೆಡ್ಡಿನ ರಾತ್ರಿ ಪಾಳಿ,
ಹಣ್ಣು ಆರಿಸಿ ಆರಿಸಿ ಸುಕ್ಕಾದ ಬೆರಳಲ್ಲಿ
ಮಗನ ಕೈ ಹಿಡಿದು ಬೆಳಿಗ್ಗೆ ಏಳಕ್ಕೆ ಬರುತ್ತಾಳೆ.
ಅವಳಿಗೆ ಕೊಡಬೇಕಾದ ಚೀಟಿ ಮೂರು ದಿನದಿಂದ ನನ್ನ ಜೇಬಿನಲ್ಲಿ:
‘ಮಲಗುವಾಗ ಜ್ಯೂಸಿನ ಬಾಟಲಿ ಕೊಡಬೇಡಿ.’
ಸರಿಯಾದ ಮಾತೇ, ಒಂದೇ ಸಾಲು.
ಯಾವ ಭಾಷೆಯಲ್ಲಿ ಹೇಳಿದರೂ
‘ನೀನು ತಾಯಿಯಾಗಿ ಸೋತೆ’ ಅಂತ ಕೇಳಿಸಿಬಿಡುತ್ತದೆ.

ನನ್ನ ಬಲದವಡೆಯಲ್ಲಿ ಎರಡು ಹಲ್ಲಿನ ಜಾಗ ಖಾಲಿ.
ದಾವಣಗೆರೆಯ ಗಿರಣಿಚಾಳಿನಲ್ಲಿ ಅಮ್ಮ
ಅಳುವ ಬಾಯಿಗೆ ಬೆಲ್ಲ ಒತ್ತಿ
ಸೈರನ್ನು ಕೂಗುವ ಮೊದಲೇ ಓಡುತ್ತಿದ್ದಳು.
ಆ ಬೆಲ್ಲದ ಮೇಲೆ ಇವತ್ತಿಗೂ ನನಗೆ ಸಿಟ್ಟಿಲ್ಲ.
ಸಿಟ್ಟು ಬಂದದ್ದು ಇಲ್ಲಿನ ಡೆಂಟಿಸ್ಟಿನ ಬಿಲ್ಲು ನೋಡಿ.
ಬಾಯಿ ಬಿಟ್ಟರೆ ಬಣ್ಣಗೇಡು.
ಹದಿನಾರು ವರ್ಷ ಕೈ ಅಡ್ಡ ಹಿಡಿದೇ ನಕ್ಕಿದ್ದೇನೆ.

ಗುರುವಾರ ಮೊಸಳೆಯನ್ನು ಪಕ್ಕಕ್ಕಿಟ್ಟು
ಅವನೆದುರು ಮಂಡಿಯೂರಿ
ಬಾಯಿ ಬಿಟ್ಟೆ,
ಬ್ಯಾರಿಗಿಂತ ದೊಡ್ಡದಾಗಿ.
ಬಗ್ಗಿ ಇಣುಕಿದ. ಬೆರಳು ಮಾಡಿ ಎಣಿಸಿದ:
ಒಂದು ಕಿಟಕಿ. ಎರಡು ಕಿಟಕಿ.
ತುಂಬ ಹೊತ್ತಾದ ಮೇಲೆ
ತನ್ನದನ್ನೂ ತೆರೆದ.
ಮೇಲಿನ ನಾಲ್ಕು, ಆರಿದ ಕೊಳ್ಳಿಯ ಹಾಗೆ
ಕಂದು, ಮೊಂಡು.

ಉಜ್ಜಲಿಲ್ಲ. ಬ್ರಷ್ಷು ಒದ್ದೆ ಮಾಡಿಕೊಂಡು
ಬ್ಯಾರಿಯ ಸೊಟ್ಟ ಹಲ್ಲಿಗೆ ಮೆಲ್ಲಗೆ ತಿಕ್ಕಿದ.

ಶುಕ್ರವಾರ ಫುರಾಹಾಗೆ ಚಹಾ ಕೊಟ್ಟೆ.
“ಸಕ್ಕರೆ ಎಷ್ಟು?”
“ಮೂರು ಚಮಚ.” ನನಗೂ ಮೂರೇ.
ಇಬ್ಬರೂ ನಕ್ಕೆವು, ನನ್ನ ಕೈ ಕಪ್ಪಿನ ಮೇಲೇ ಇತ್ತು.
ಆಮೇಲೆ ಬೆಲ್ಲದ ಕತೆ ಹೇಳಿದೆ.
ಬಾಟಲಿಯ ಮಾತು ಎತ್ತಿದ್ದು ಅವಳೇ.
ಡಾಕ್ಟರ ನಂಬರು ಒಂದೊಂದೇ ಅಂಕಿ ಹೇಳುತ್ತಿದ್ದೆ,
ಅವಳು ಸುಕ್ಕಿದ ಬೆರಳಲ್ಲಿ ಒತ್ತುತ್ತಿದ್ದಳು.
ನಲ್ಲಿಯ ಹತ್ತಿರ ಸ್ಟೂಲು ಹತ್ತಿ
ಡಿಯುಡೊನೆ ಬಾಟಲಿ ತೊಳೆದು ನೀರು ತುಂಬಿದ.
ನೀರು ಇನ್ನೂ ಸ್ವಲ್ಪ ಕೆಂಪಗಿತ್ತು.