ಬೇಕರಿಯ ಹೆಪ್ಪು

ಹತ್ತು ಹಣ್ಣು ಆರಿಸಿ ಉಪ್ಪುನೀರಿಗೆ ಹಾಕಿದ್ನಿ.
ಒಂದಕ್ಕೂ ಗಾಯ ಇರಲಿಲ್ಲ,
ಸಾಲಿಗೆ ಮೊದಲ ದಿನ ಹೊಂಟ ಹುಡುಗರ ಹಾಂಗ
ತೊಳದು ಒರಸಿದಂಗ ಇದ್ದವು.
ಚಹಾ ಕುದ್ದು ಸೋಸೋದರಾಗ
ತೊಗಲಿನಿಂದ ಒಂದು ಬಿಳಿ ಎಳಿ ಹೊರಗ ಬಂತು,
ಆಮ್ಯಾಲೆ ಇನ್ನೊಂದು,
ಅಳಲಾರದ ಹುಟ್ಟೋ ಕೂಸುಗಳು.
ಹತ್ತು ಹಣ್ಣಿಗೆ ಮೂವತ್ತೊಂದು.
ಚಹಾ ಹಾಂಗ ಆರಿತು.

ಕಡೋಲಿಯಾಗ ನಾವು ಸ್ಟ್ರಾಬೆರಿ ಹಚ್ಚಿ ಇದು ಮೂರನೇ ಚಳಿಗಾಲ.
ಬಟಾಟಿ ಬೆಳದ ಹೊಲದಾಗ ಹುಡುಗರ ತಿಂಡಿ ಬೆಳಿತಾಳ
ಅಂತಾರ ಮಾವ, ಇನ್ನೂ.
ನೊಣ ನನಗೇನು ಹೊಸದಲ್ಲ.
ಬಾಳಿಹಣ್ಣು ಕರ್ರಗಾದ್ರ ಬರತಾವಲ್ಲ,
ಅವು ಕೊಳತದ್ದು ತಿಂದು ಬದುಕೋ ಬಡವರು.
ಇದು ಬ್ಯಾರೆ. ಹಣ್ಣು ಗಟ್ಟಿ ಇದ್ದಾಗಲೇ ಬರತೈತಿ.
ರೋಹಿಣಿ ಮೇಡಂ ಭೂತಗನ್ನಡಿ ಹಿಡದು ತೋರಿಸಿದ್ರು:
ಗಂಡಿನ ರೆಕ್ಕಿ ತುದಿಗೆ ಕರೆ ಬೊಟ್ಟು,
ಯಾರೋ ದೃಷ್ಟಿ ತಾಗಬಾರದಂತ ಇಟ್ಟಂಗ.
ಹೆಣ್ಣಿಗೆ ಬೊಟ್ಟಿಲ್ಲ.
ಹೆಣ್ಣಿಗೆ ಗರಗಸ ಐತಿ.

ಎಲ್ಲಿಂದ ಬಂತ್ರಿ ಇದು?
ದೂರದ ದೇಶದಿಂದ, ಹಣ್ಣಿನ ಪೆಟ್ಟಿಗ್ಯಾಗ ಕುಂತು.
ಔಷಧ ಹೊಡಿಬಹುದು, ಯಾರು ಬ್ಯಾಡ ಅಂತಾರ.
ಆದ್ರ ಇವತ್ತು ಹರದು ನಾಳಿಗಿ ತಿನ್ನೋ ಹಣ್ಣು,
ಸಿಪ್ಪಿ ಸುಲಿಯೋದಿಲ್ಲ ಯಾರೂ,
ನನ್ನ ಮಗಳು ತೊಳಿಯೋದೂ ಇಲ್ಲ.

ಮೇಡಂ ಅಂದ್ರು,
"ಹಣ್ಣು ಅದಕ್ಕ ತೊಟ್ಟಿಲು ಅಷ್ಟ, ನೀಲವ್ವ.
ಹಸಿವಿ ಎಳಕೊಂಡು ಹೋಗೋದು ಹೆಪ್ಪಿನ ಕಡೆ.
ಯೀಸ್ಟ್ ಸಿಗತೈತೇನು?"

ಸಿಗತೈತೇನು!
ಮದುವಿಗಿಂತ ಮೊದಲು ಆರು ವರ್ಷ
ಕ್ಯಾಂಪಿನ ಇನಾಸ್ ಮಾಮನ ಬೇಕರಿಯಾಗ
ಬ್ರೆಡ್ಡಿಗೆ ಕಾಗದ ಸುತ್ತೀನಿ.
ನಸುಕಿನ ನಾಕಕ್ಕ
ಒದ್ದಿ ಅರಬಿ ಕೆಳಗ ಹಿಟ್ಟು ಉಸಿರಾಡೋದು ನೋಡೀನಿ.
ಮಾಮಾಗ ಈಗ ಕಿವಿ ಮಂದ.
ಮೂರು ಸಲ ಹೇಳಿದ ಮ್ಯಾಲೆ ನಕ್ಕ,
"ನೊಣಕ್ಕ ಬ್ರೆಡ್ ಮಾಡ್ತಿಯೇನ ಪೋರಿ?"
ಡಬ್ಬಿ ತುಂಬ ಕೊಟ್ಟ, ರೊಕ್ಕ ತಗೊಳ್ಳಲಿಲ್ಲ.
"ಸಕ್ರಿ ಹಾಕು, ಉಗುರುಬೆಚ್ಚಗಿನ ನೀರು ಹಾಕು,
ಅದರ ಮುಂದ ಜಗಳ ಆಡಬ್ಯಾಡ, ಏಳೋದಿಲ್ಲ."

ರಾತ್ರಿ ಅಡಗಿಮನಿಯಾಗ ಎದ್ದು ನೊರಿ ಉಕ್ಕಿಸಿತು.
"ಯಾರು ಕುಡದು ಬಂದಾರ?" ಅಂತ
ಅತ್ತಿ ಹಾಸಿಗಿಂದಲೇ ಕೂಗಿದ್ರು.

ಮೊದಲ ವಾರ ಸೋಡಾ ಬಾಟ್ಲಿಗೆ
ಕಾಸಿದ ಮೊಳಿಲಿಂದ ತೂತು ಕೊರದು ಬದುವಿಗೆ ಕಟ್ಟಿದ್ನಿ.
ತಳದಾಗ ಎಳ್ಳು ಚೆಲ್ಲಿದಂಗ ಬಿದ್ದಿದ್ದವು.
ಎರಡನೇ ವಾರ ಮೇಡಂ ಅಳದು ಕೊಟ್ಟ ವಿಷ,
ಒಂದು ಚಹಾಕಪ್ಪಿನ ಕಾಲು ಭಾಗ,
ಹೆಪ್ಪಿಗೆ ಕೂಡಿಸಿ
ಹಣ್ಣಿಗೆ ತಾಗದಂಗ ಎಲಿಗಷ್ಟ ಹನಿ ಹನಿ.

ಆವಾಗ ಬಗ್ಗಿದ ನಡು ಹಾಂಗ ನಿಂತಿತು.
ಎಲಿಗೆ ಬಡಸಾಕತ್ತೇನಲ್ಲ ನಾನು!
ಸಾಲಾಗಿ, ಪಂಕ್ತಿ ತಪ್ಪದಂಗ,
ಯಾವ ಎಲಿಯೂ ಬರಿದಿರಬಾರದಂತ ನೋಡಿ ನೋಡಿ.
ಬಸರಿ ಹೆಂಗಸು ಹಸದು ಬರತಾಳ,
ವಾಸನಿ ಹಿಡದು,
ಉಣ್ಣಾಕ ಕುಂಡರತಾಳ.
ನನ್ನ ತವರಾಗ ಉಂಡು ಎದ್ದವರ ಎಲಿಗೂ
ಕೈ ಮುಗಿತಿದ್ರು.

ಮುಗದಿಲ್ಲ ನಾನು. ಬಡಿಸಿ ಮನಿಗೆ ಬಂದ್ನಿ.

ನಿನ್ನೆ ಮತ್ತ ಹತ್ತು ಹಣ್ಣು, ಮತ್ತ ಉಪ್ಪುನೀರು.
ನಾಕು ಎಳಿ.
ಸೊನ್ನಿ ಅಲ್ಲ. ನಾಕು.
ಮಾವ ಎಣಿಸಿ, ಇನ್ನೊಮ್ಮೆ ಎಣಿಸಿ,
ಏನೂ ಅನ್ನದ ಒಂದು ಹಣ್ಣು ಬಾಯಿಗೆ ಹಾಕೊಂಡ್ರು.
ಉಪ್ಪುನೀರಿಂದಲ್ಲ, ಬುಟ್ಟಿಂದು.

ವಿಷ ಕೂಡಿಸದ ಹೆಪ್ಪು ಒಂದು ಹಿಡಿ ಉಳದಿತ್ತು.
ಮಗಳು ಕಾಡಿದಳಂತ ಮೈದಾ ಕಲಸಿ ಅರಬಿ ಮುಚ್ಚಿಟ್ಟೀನಿ.
ಅರ್ಧ ಎದ್ದೈತಿ. ಮನ್ಯಾಗ ಜಗಳ ಆಗಿರಬೇಕು.
ಅರಬಿ ಅಂಚಿನ ಮ್ಯಾಲೆ ಒಂದು ನೊಣ.
ರೆಕ್ಕಿಗೆ ಬೊಟ್ಟಿಲ್ಲ.
ಬಾಳಿಹಣ್ಣಿಂದೋ, ಗರಗಸದ್ದೋ?
ಭೂತಗನ್ನಡಿ ಮೇಡಂ ಹತ್ರ ಐತಿ.
ಮುಂಗಾಲು ಎರಡೂ ತಿಕ್ಕಾಕತ್ತೈತಿ,
ಊಟಕ್ಕ ಕುಂಡರೋ ಮುಂದ ಕೈ ತೊಳಕೊಂಡಂಗ.
ಎತ್ತಿದ ಕೈ ಎತ್ತಿದಂಗ ಐತಿ ನಂದು.