ಆರು ಮಂದಿಗಾಗುವಷ್ಟು

ಆರ್ಡಿತ್ ಪೆನ್ನರ್‌ಗೆ ಆರು ಮಂದಿಗೆ ಬನ್ನು ಸುಡಲು ಬರುವುದಿಲ್ಲ.
ಮುನ್ನೂರು ಮಂದಿಗೆ ಬರುತ್ತದೆ.
ಇಪ್ಪತ್ತೊಂಬತ್ತು ವರ್ಷ, ವಾರಕ್ಕೈದು ದಿನ,
ಕಾನ್ಸಸ್ಸಿನ ಈ ಗೋಧಿಬಯಲಲ್ಲಿ
ನಮ್ಮ ಶಾಲೆಯ ಅಡುಗೆಮನೆಗೆ
ಬೆಳಗಿನ ಐದಕ್ಕೇ ದೀಪ ಹಾಕಿದವಳು.

ಶಾಲೆ ಮುಚ್ಚಿತು. ಒಲೆಗಳು ಹರಾಜಾದವು.
ದೊಡ್ಡ ಮಿಕ್ಸರನ್ನು ಯಾರೋ ಸಿಮೆಂಟು ಕಲಸಲು ಕೊಂಡೊಯ್ದರು.
ಉಳಿದದ್ದು ಒಂದು ರಟ್ಟಿನ ಚೀಟಿ,
ಬೆಣ್ಣೆಬೆರಳು ತಾಗಿ ತಾಗಿ
ಆಚೆಯ ಬೆಳಕು ಕಾಣುವಂತಾದದ್ದು.
ಹಿಟ್ಟು ಒಂದು ಮೂಟೆ, ಐವತ್ತು ಪೌಂಡು.
ಮೊಟ್ಟೆ ಇಪ್ಪತ್ತೈದು.
ಹಾಲು ಬಕೆಟ್ಟಿನ ಲೆಕ್ಕ.
ಮಗುವಿಗೆ ಎರಡರಂತೆ ಆರುನೂರು.

"ಐವತ್ತರಿಂದ ಭಾಗಿಸಿದರೆ ಆಯಿತಲ್ಲ" ಎಂದೆ.
ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಗಿಸಿ ಭಾಗಿಸಿದಳು.
ಹಿಟ್ಟು ಸಲೀಸಾಗಿ ಬಂತು, ಒಂದು ಪೌಂಡು.
ಮೊಟ್ಟೆ, ಅರ್ಧ.
"ಅರ್ಧ ಮೊಟ್ಟೆ ಇಡುವ ಕೋಳಿ
ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ" ಎಂದಳು.

ಮೊಣಕೈವರೆಗೆ ಹಿಟ್ಟಿಗಿಳಿಯುತ್ತಿದ್ದ ತೋಳು
ಪುಟ್ಟ ಬೋಗುಣಿಯೆದುರು ಅನುಮಾನಿಸಿತು,
ತಣ್ಣೀರಿಗೆ ಬೆರಳದ್ದಿ ನೋಡುವ ಮಗುವಿನ ಹಾಗೆ.
"ಇಷ್ಟೇ ಇಷ್ಟು ಹಿಟ್ಟು ಮಾತಾಡುವುದಿಲ್ಲ ಕಣೋ.
ಹದ ಹೇಗೆ ಕೇಳಲಿ?"

ಆದರೂ ಕಲಸಿದಳು. ಅಂಟಿತು, ಬಿಟ್ಟಿತು,
ಮತ್ತೆ ಅಂಟಿತು. ಬೈದಳು.
ಇನ್ನಷ್ಟು ಹಿಟ್ಟು ಉದುರಿಸಹೋದ ನನ್ನ ಕೈಗೆ
ಚಮಚದಿಂದ ಒಂದು ಬಿತ್ತು.
"ನಿನ್ನ ಕಿವಿಯ ಹಾಲೆ ಮುಟ್ಟಿಕೋ.
ಅಷ್ಟು ಮೆತ್ತಗಾಗುವ ತನಕ ಸುಮ್ಮನಿರು."
ಮುಟ್ಟಿಕೊಂಡೆ. ನಲವತ್ತೊಂದು ವರ್ಷದ ಗಂಡಸು,
ಧಾನ್ಯದ ಗೋದಾಮಿನ ಮೇಸ್ತ್ರಿ,
ಕಿವಿ ಹಿಡಿದು ನಿಂತಿದ್ದೆ.

ಒದ್ದೆ ಬಟ್ಟೆಯಡಿ ಹಿಟ್ಟು ಹುದುಗು ಬರುತ್ತಿತ್ತು.
ಕೆಲಸವಿಲ್ಲದ ಆ ಒಂದು ಗಂಟೆಯಲ್ಲಿ ಕೇಳಿದಳು,
ಆರು ಮಂದಿ ಅಂದರೆ ಯಾರ್ಯಾರು?
ನಾನು, ಮಾರ್ಸೀ, ಇಬ್ಬರು ಮಕ್ಕಳು, ಅವಳ ತಾಯಿ.
"ಐದಾಯಿತು."
ಕರ್ಟಿಸ್ ಬಂದರೂ ಬರಬಹುದು ಎಂದೆ.
ಅಣ್ಣ. ನಾಲ್ಕು ವರ್ಷದಿಂದ ಮಾತಿಲ್ಲ,
ಅಪ್ಪನ ಟ್ರ್ಯಾಕ್ಟರಿನ ವಿಷಯ.
ಅದನ್ನು ಹೇಳಲಿಲ್ಲ. ಊರಿಗೇ ಗೊತ್ತು.

"ಓ, ಅವನು" ಎಂದಳು.
"ಕೋಟಿನೊಳಗೆ ಎರಡು ಬನ್ನು ಹುದುಗಿಸಿಕೊಂಡು ಹೋಗುವವನು.
ದಿನಾ. ಅದಕ್ಕೇ ನಾನು ಸುಟ್ಟದ್ದು ಆರುನೂರ ಎರಡು.
ಚೀಟಿಯಲ್ಲಿ ಬರೆದಿಲ್ಲ."

ಅಮ್ಮನಿಗೆ ರಾತ್ರಿಪಾಳಿಯಿದ್ದ ವರ್ಷಗಳು.
ಕತ್ತಲಾದ ಮೇಲೆ ಮಂಚದ ಮೇಲಿನಂತಸ್ತಿನಿಂದ
ಒಂದು ಕೈ ಕೆಳಗಿಳಿಯುತ್ತಿತ್ತು,
ಕೈಯಲ್ಲಿ ಬನ್ನು.
ಪೆನ್ನರ್ ಆಂಟಿ ಕೊಟ್ಟರು, ತಿನ್ನು, ಎನ್ನುತ್ತಿದ್ದ.
ಒತ್ತಿಹೋಗಿ ಚಪ್ಪಟೆಯಾದ,
ಜೇಬಿನ ಉಣ್ಣೆಯ ಎಳೆ ಅಂಟಿದ ಬನ್ನು.

ಅಷ್ಟರಲ್ಲಿ ಬಟ್ಟೆ ಗೋಪುರವಾಗಿತ್ತು.
ಬೆರಳಿಂದ ಚುಚ್ಚಿದಳು. ಗುಳಿ ಹಾಗೇ ನಿಂತಿತು.
"ಆಯಿತು" ಎಂದು ಎದ್ದಳು.
ಎರಡೂ ಕೈಯಲ್ಲಿ ಒಂದೊಂದು ಉಂಡೆ
ಒಟ್ಟೊಟ್ಟಿಗೇ ಉರುಳಿದವು.
ಆ ವೇಗ ಇನ್ನೂ ಮುನ್ನೂರು ಮಕ್ಕಳದೇ.
ತಟ್ಟೆಯಲ್ಲಿ ಒಂದಕ್ಕೊಂದು ಭುಜ ತಾಗಿಸಿ ಕೂರಿಸಿದಳು.
"ದೂರ ದೂರ ಇಟ್ಟರೆ ಅಂಚು ಗಟ್ಟಿಯಾಗುತ್ತೆ."

ಒಲೆಯಿಂದ ಬಂದ ಮೇಲೆ ಎಣಿಸಿದೆ. ಹದಿನಾಲ್ಕು.
ನಾನು ಬಾಯಿ ತೆರೆಯುವ ಮೊದಲೇ
ಬೆಣ್ಣೆಯ ಕುಂಚ ನನ್ನೆಡೆ ತಿರುಗಿತು. ಸುಮ್ಮನಾದೆ.
ಮಿಕ್ಕ ಅರ್ಧ ಮೊಟ್ಟೆ ಚಹದ ಬಟ್ಟಲಲ್ಲಿತ್ತು,
ಮೇಲೊಂದು ಸಾಸರು ಮುಚ್ಚಿ.
ನಾಳೆ ಇನ್ನಾರಾದರೂ ಆರು ಮಂದಿಗೆ ಕೇಳಿಯಾರು.

ತಟ್ಟೆಯನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಬಿಗಿದೆ.
ಗಾಜೆಲ್ಲ ಮಂಜಾಯಿತು.
ರೈಲು ಹಳಿಯ ಬಳಿ ಗೇಟು ಹಾಕಿತ್ತು,
ನೂರ ಹತ್ತು ಡಬ್ಬಿಯ ಗೂಡ್ಸು.
ಒಂದು ಬನ್ನು ಮುರಿದುಕೊಂಡೆ,
ತುಪ್ಪುಳದಷ್ಟು ಹಗುರ.
ಅಂಗೈಯಲ್ಲಿಟ್ಟು ಅದುಮಿ,
ಚೆನ್ನಾಗಿ ಚಪ್ಪಟೆ ಮಾಡಿ,
ತಿಂದೆ.